ಎಳೆಯ ಮಕ್ಕಳಿಗೆ ಇತಿಹಾಸವನ್ನು ಹೇಳುವ ಬಗೆ



ಶಾಲೆಗಳು ಆರಂಭವಾಗಿ ಮಕ್ಕಳ ಕೈಗೆ ಹೊಸ ಪುಸ್ತಕಗಳು ಬರುವ ದಿನಗಳಲ್ಲಿ ನಮಗೆ ಬರುವ ಪತ್ರಗಳ ಸ್ವರೂಪವೂ ಬದಲಾಗುತ್ತದೆ. ಪೂಜೆ, ದೀಕ್ಷೆ, ಮದುವೆಗಳ ವಿಷಯವಾಗಿ ಕೇಳುತ್ತಿದ್ದ ತಾಯಂದಿರು ಆಗ ಮಕ್ಕಳ ಓದಿನ ವಿಷಯವಾಗಿ ಕೇಳತೊಡಗುತ್ತಾರೆ. ಈ ಸಲ ತಾಲ್ಲೂಕು ಕೇಂದ್ರವೊಂದರಿಂದ ಬಂದ ಪತ್ರವು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಆ ತಾಯಿಯ ಮಗ ಆರನೆಯ ತರಗತಿಯಲ್ಲಿದ್ದಾನೆ, ಮಗಳು ಮೂರನೆಯ ತರಗತಿಯಲ್ಲಿ. ಗಣಿತ, ವಿಜ್ಞಾನಗಳನ್ನು ಉತ್ಸಾಹದಿಂದ ಓದುವ ಹುಡುಗ ಇತಿಹಾಸದ ಪಾಠ ಬಂದೊಡನೆ ಪುಸ್ತಕ ಮುಚ್ಚಿಡುತ್ತಾನಂತೆ. ಒಂದು ಸಂಜೆ ಅಜ್ಜಿಯು ಶರಣರ ಪವಾಡವೊಂದನ್ನು ಹೇಳುತ್ತಿದ್ದಾಗ ಅವನೇ, "ಅಜ್ಜಿ, ಇದು ನಿಜವಾಗಿ ನಡೆದದ್ದೋ, ಬರೀ ಕಥೆಯೋ?" ಎಂದು ಕೇಳಿದನಂತೆ. ಅಜ್ಜಿಗೆ ಸಿಟ್ಟು ಬಂದಿತು, ಹುಡುಗ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ. "ಆಗ ನಾನು ಏನು ಹೇಳಬೇಕಾಗಿತ್ತು?" ಎಂಬುದು ಆ ತಾಯಿಯ ಪ್ರಶ್ನೆ.

ಪುಸ್ತಕ ಮುಚ್ಚಿಡುವುದೂ ಪ್ರಶ್ನೆ ಕೇಳಿ ಬೈಸಿಕೊಂಡದ್ದೂ ಬೇರೆ ಬೇರೆ ಸಂಗತಿಗಳೆಂದು ಆ ತಾಯಿ ಬರೆದಿದ್ದಾರೆ. ನಮಗಾದರೋ ಅವೆರಡೂ ಒಂದೇ ಎನಿಸುತ್ತದೆ. ಹುಡುಗನು ಅಜ್ಜಿಯನ್ನು ಕೇಳಿದ ಪ್ರಶ್ನೆಯೇ ಇತಿಹಾಸದ ಮೊದಲನೆಯ ಪ್ರಶ್ನೆ. ನಡೆದದ್ದು ಯಾವುದು, ಅದು ನಮಗೆ ಗೊತ್ತಾದದ್ದು ಹೇಗೆ ಎಂದು ವಿಚಾರಿಸುವುದರಿಂದಲೇ ಇತಿಹಾಸವು ಆರಂಭವಾಗುತ್ತದೆ. ಆ ಪ್ರಶ್ನೆಗೆ ಮನೆಯಲ್ಲಿ ಎಡೆಯಿಲ್ಲ, ಶಾಲೆಯಲ್ಲಿಯೂ ಎಡೆಯಿಲ್ಲ ಎಂದಾದರೆ ಮಗುವಿಗೆ ಉಳಿಯುವುದು ಹೆಸರುಗಳ ಮತ್ತು ಇಸವಿಗಳ ಉದ್ದನೆಯ ಪಟ್ಟಿಯೊಂದೇ. ಅಂಥ ಪುಸ್ತಕವನ್ನು ಅವನು ಮುಚ್ಚಿಡದೆ ಇನ್ನೇನು ಮಾಡಿಯಾನು? ಆದುದರಿಂದ ಈ ತಿಂಗಳು ಎಳೆಯ ಮಕ್ಕಳಿಗೆ ಇತಿಹಾಸವನ್ನು ಹೇಗೆ ಹೇಳಬೇಕೆಂಬುದನ್ನು ತಂದೆತಾಯಿಗಳೊಡನೆಯೂ ಶಿಕ್ಷಕ ಬಂಧುಗಳೊಡನೆಯೂ ಕೂಡಿ ಯೋಚಿಸಬಯಸುತ್ತೇವೆ.

ನಮ್ಮ ರಾಜ್ಯದ ಶಾಲೆಗಳಲ್ಲಿ ಐದನೆಯ ತರಗತಿಯವರೆಗೆ ಇತಿಹಾಸಕ್ಕೆ ಬೇರೆ ಪುಸ್ತಕವಿಲ್ಲ. ಪರಿಸರ ಅಧ್ಯಯನವೆಂಬ ಒಂದೇ ವಿಷಯದಲ್ಲಿ ಮನೆ, ಊರು, ನೀರು, ಗಿಡಮರಗಳ ಜೊತೆಗೆ ಹಿಂದಿನ ಕಾಲದ ಮಾತೂ ಅಷ್ಟಿಷ್ಟು ಬರುತ್ತದೆ. ಆರನೆಯ ತರಗತಿಗೆ ಬಂದೊಡನೆ ಸಮಾಜ ವಿಜ್ಞಾನದ ಪುಸ್ತಕವು ಕೈಗೆ ಬಂದು ರಾಜವಂಶಗಳು ಒಂದರ ಹಿಂದೊಂದು ಬರಲಾರಂಭಿಸುತ್ತವೆ. ಮೊದಲ ಐದು ವರ್ಷ ಪುಸ್ತಕವಿಲ್ಲವೆಂದು ಕೆಲವರು ಕೊರಗುತ್ತಾರೆ. ಅದು ಕೊರಗಬೇಕಾದ ಸಂಗತಿಯಲ್ಲವೆಂದು ನಮ್ಮ ಅಭಿಪ್ರಾಯ. ಹೊಲವನ್ನು ಹದ ಮಾಡುವುದಕ್ಕೆ ಸಿಕ್ಕಿರುವ ಕಾಲವದು. ಹದವಿಲ್ಲದ ನೆಲಕ್ಕೆ ಎಷ್ಟು ಬೀಜ ಚೆಲ್ಲಿದರೂ ಹಕ್ಕಿಗಳ ಪಾಲಾಗುತ್ತದೆ.

ಹದ ಮಾಡುವುದೆಂದರೇನು? ಮೊದಲನೆಯದಾಗಿ ಮಗುವಿನಲ್ಲಿ ಕಾಲದ ಅಳತೆಯನ್ನು ಮೂಡಿಸುವುದು. ಏಳೆಂಟು ವರ್ಷದ ಮಗುವಿಗೆ ನಿನ್ನೆ, ಮೊನ್ನೆ, ಹೋದ ಜಾತ್ರೆ ಇಷ್ಟು ಗೊತ್ತಿರುತ್ತದೆ. ಅದರಾಚೆಗಿನದೆಲ್ಲ ಒಂದೇ "ಬಹಳ ಹಿಂದೆ". ಅಜ್ಜನ ಬಾಲ್ಯವೂ ಅಲ್ಲಿಯೇ, ಅಶೋಕನೂ ಅಲ್ಲಿಯೇ, ರಾಮಾಯಣವೂ ಅಲ್ಲಿಯೇ. ಕೆಲವು ವರ್ಷಗಳ ಹಿಂದೆ ಬಸವ ಜಯಂತಿಯ ನಿಮಿತ್ತ ಉತ್ತರ ಕರ್ನಾಟಕದ ಒಂದು ಹಳ್ಳಿಗೆ ಹೋಗಿದ್ದಾಗ ಮಕ್ಕಳೊಡನೆ ಮಾತನಾಡುವ ಸಂದರ್ಭ ಬಂದಿತ್ತು. ನಾವು ಕಲ್ಯಾಣದ ಕಥೆಯನ್ನು ಹೇಳಿ ಮುಗಿಸುತ್ತಿದ್ದಂತೆ ಮುಂದಿನ ಸಾಲಿನಲ್ಲಿದ್ದ ಪುಟ್ಟ ಬಾಲೆಯೊಬ್ಬಳು ಎದ್ದುನಿಂತು, "ಅಜ್ಜಾರ, ಬಸವಣ್ಣನವರನ್ನ ನೀವು ನೋಡೀರೇನ್ರಿ?" ಎಂದಳು. ದೊಡ್ಡವರೆಲ್ಲ ನಕ್ಕರು. ನಮಗೆ ನಗು ಬರಲಿಲ್ಲ. ನರೆತ ತಲೆಯ ಮನುಷ್ಯನು ಎಷ್ಟು ಹಿಂದಿನದನ್ನು ಕಂಡಿರಬಹುದು ಎಂಬ ಅಳತೆ ಅವಳಿಗೆ ಇನ್ನೂ ತಿಳಿದಿರಲಿಲ್ಲ, ನಿಜ. ಆದರೆ ನೋಡಿದವರ ಮಾತಿಗೂ ಕೇಳಿದವರ ಮಾತಿಗೂ ಭೇದವುಂಟೆಂದು ಅವಳಿಗೆ ಆಗಲೇ ಹೊಳೆದಿತ್ತು.

ಆ ಅಳತೆಯನ್ನು ಕಲಿಸುವುದಕ್ಕೆ ಸುಲಭವಾದ ಒಂದು ಉಪಾಯವಿದೆ. ಒಂದು ಪೀಳಿಗೆಗೆ ಇಪ್ಪತ್ತೈದು ವರ್ಷವೆಂದು ಲೆಕ್ಕ ಹಿಡಿಯಿರಿ. ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರಿ. ಮೊದಲನೆಯ ಮಗು ತಾನೇ. ಎರಡನೆಯದು ಅದರ ತಾಯಿ ಅಥವಾ ತಂದೆ, ಮೂರನೆಯದು ಅಜ್ಜ, ನಾಲ್ಕನೆಯದು ಮುತ್ತಜ್ಜ. ಇಷ್ಟರಲ್ಲಿ ಹೆಚ್ಚುಕಡಿಮೆ ನೂರು ವರ್ಷ ಹಿಂದಕ್ಕೆ ಹೋದಂತಾಯಿತು. ಹೀಗೆಯೇ ಸಾಲನ್ನು ಬೆಳೆಸುತ್ತ ಹೋದರೆ ಸುಮಾರು ಮೂವತ್ತೈದನೆಯ ಮಗು ನಿಲ್ಲುವ ಜಾಗದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣವಿರುತ್ತದೆ. ಒಂದು ತರಗತಿಯ ಮಕ್ಕಳೇ ಸಾಕು! ಕನ್ನಡದ ಬಹು ಹಳೆಯ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. ೪೫೦ರದೆಂದು ವಿದ್ವಾಂಸರು ಹೇಳುವ ಹಲ್ಮಿಡಿ ಶಾಸನದ ಕಾಲಕ್ಕೆ ಅರವತ್ತಕ್ಕೂ ಹೆಚ್ಚು ಮಕ್ಕಳು ಬೇಕು. ಅಶೋಕನ ಕಾಲಕ್ಕೆ ತೊಂಬತ್ತು ಮಕ್ಕಳು ಬೇಕಾದಾರು. ಇಡೀ ಶಾಲೆ ಕೈ ಕೈ ಹಿಡಿದು ನಿಂತರೆ ಸಾಲು ಅಲ್ಲಿಗೆ ಮುಟ್ಟುತ್ತದೆ. "ಎಂಟುನೂರ ಅರವತ್ತು ವರ್ಷ" ಎಂಬ ಸಂಖ್ಯೆಯು ಮಗುವಿನ ತಲೆಯಲ್ಲಿ ನಿಲ್ಲಲಾರದು. ಮೂವತ್ತೈದು ಜನ ಗೆಳೆಯರ ಸಾಲಂತೂ ಮರೆಯುವಂಥದ್ದಲ್ಲ.

ಈ ಸಾಲಿನ ಮೊದಲ ಮೂರು ನಾಲ್ಕು ಜನರ ಇತಿಹಾಸವು ಯಾವ ಪುಸ್ತಕದಲ್ಲಿಯೂ ಇಲ್ಲ, ಮನೆಯಲ್ಲಿದೆ. "ಅಜ್ಜಿ, ನೀನು ಹುಟ್ಟಿದಾಗ ನಮ್ಮ ಊರು ಯಾವ ರಾಜ್ಯದಲ್ಲಿತ್ತು?" ಎಂದು ಮಗುವಿನಿಂದ ಕೇಳಿಸಿ ನೋಡಿರಿ. ೧೯೪೦ರಲ್ಲಿ ಕಲಬುರಗಿಯ ಸೀಮೆಯಲ್ಲಿ ಹುಟ್ಟಿದ ಒಬ್ಬ ಅಜ್ಜಿಯನ್ನು ನೆನೆಯೋಣ. ಹುಟ್ಟಿದಾಗ ಆಕೆ ನಿಜಾಮರ ಪ್ರಜೆ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ್ ೧ರಂದು ಅವಳ ಊರು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ೧೯೭೩ರ ನವೆಂಬರ್ ೧ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅಜ್ಜಿ ತನ್ನ ಮನೆಯ ಹೊಸ್ತಿಲನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ, ಆಳ್ವಿಕೆಗಳೇ ಬಂದು ಹೋಗಿವೆ. ಬೆಳಗಾವಿ, ಧಾರವಾಡ, ವಿಜಯಪುರಗಳ ಅಜ್ಜಿಯರು ಮುಂಬಯಿ ಪ್ರಾಂತದ ಮಾತನ್ನು ಹೇಳಿಯಾರು, ಕೊಡಗಿನವರು ಇನ್ನೊಂದನ್ನು ಹೇಳಿಯಾರು. ರಾಜ್ಯದ ಏಕೀಕರಣವೆಂಬ ಕಠಿಣ ಪಾಠವು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಮುಗಿದುಹೋಗುತ್ತದೆ. ಊರಿಗೆ ವಿದ್ಯುತ್ತು ಬಂದದ್ದು ಯಾವಾಗ, ಕುಡಿಯುವ ನೀರನ್ನು ಎಲ್ಲಿಂದ ಹೊತ್ತು ತರುತ್ತಿದ್ದರು, ಸೇರು-ಪಾವು ಹೋಗಿ ಕಿಲೋ ಬಂದಾಗ ಸಂತೆಯಲ್ಲಿ ಎಂಥ ಗೊಂದಲವಾಯಿತು, ನಮ್ಮ ಮನೆಯಿಂದ ಮೊದಲು ಶಾಲೆಗೆ ಹೋದ ಹೆಣ್ಣುಮಗಳು ಯಾರು? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಕೇಳಿ ಅನೇಕ ಮನೆಗಳಲ್ಲಿ ದೊಡ್ಡವರೇ ಬೆರಗಾದಾರು.

ಎರಡನೆಯದಾಗಿ, ಹಿಂದಿನದು ನಮಗೆ ತಿಳಿದದ್ದು ಹೇಗೆಂಬುದನ್ನು ಮಗುವಿಗೆ ತೋರಿಸಬೇಕು. ಇದಕ್ಕೆ ನಮ್ಮ ನಾಡಿನ ಶಾಸನಗಳಿಗಿಂತ ಉತ್ತಮವಾದ ಸಾಧನವಿಲ್ಲ. ಮಕ್ಕಳಿಗೆ ಹೇಳುವಾಗ ನಾವು ಯಾವಾಗಲೂ ಆತಕೂರಿನ ಕಲ್ಲಿನಿಂದ ಆರಂಭಿಸುತ್ತೇವೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಆ ಶಾಸನವು ಹತ್ತನೆಯ ಶತಮಾನದ ನಡುವಿನದು, ಕ್ರಿ.ಶ. ೯೪೯-೫೦ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದನು. ಆ ಕಾಳಗದಲ್ಲಿ ಬೂತುಗನ ಕಡೆಯ ಮಣಲೇರನೆಂಬ ವೀರನು ಪರಾಕ್ರಮ ತೋರಿದನು. ಒಡೆಯನು ಮೆಚ್ಚಿ "ಬೇಕಾದುದನ್ನು ಕೇಳು" ಎಂದಾಗ ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಹೆಸರಿನ ನಾಯಿಯನ್ನು ಕೇಳಿದನು! ಮುಂದೆ ಬೆಳತೂರಿನ ಬಳಿಯ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಕಾಡುಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ಮಣಲೇರನು ಆತಕೂರಿನ ಗುಡಿಯ ಮುಂದೆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯಲೆಂದು ಭೂಮಿಯನ್ನು ಬಿಟ್ಟನು. ನಾಯಿಯೂ ಹಂದಿಯೂ ಹೋರಾಡುವ ಚಿತ್ರವಿರುವ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದೊಯ್ದು ತೋರಿಸಬಹುದು.

ಈ ಕಥೆಯನ್ನು ಕೇಳಿದ ಮಗು ತಕ್ಕೋಲದ ಯುದ್ಧವನ್ನು ಮರೆಯುವುದಿಲ್ಲ. ಕಾಳಿಯ ಹೆಸರನ್ನಂತೂ ಮರೆಯುವುದೇ ಇಲ್ಲ. ಆದರೆ ಗುರುಗಳ ಕೆಲಸವು ಅಷ್ಟಕ್ಕೆ ಮುಗಿಯಲಿಲ್ಲ. "ಇದು ನಡೆದದ್ದೆಂದು ನಮಗೆ ಹೇಗೆ ಗೊತ್ತು?" ಎಂದು ಕೇಳಬೇಕು. ಕಲ್ಲಿನಲ್ಲಿ ಬರೆದಿದೆ ಎಂದು ಮಕ್ಕಳು ಹೇಳುತ್ತಾರೆ. "ಯಾವಾಗ ಬರೆದರು?" ಸತ್ತ ಕೂಡಲೇ, ನೆನಪು ಹಸಿಯಾಗಿದ್ದಾಗಲೇ. "ಯಾರು ಬರೆಸಿದರು?" ಗೆದ್ದ ಪಕ್ಷದವರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೋತವರು ಏನೆಂದರು? ಚೋಳರ ಶಾಸನಗಳು ಅದೇ ರಾಜಾದಿತ್ಯನನ್ನು ಆನೆಯ ಮೇಲೆ ಮಡಿದ ದೊರೆಯೆಂದು ಗೌರವದಿಂದ ನೆನೆಯುತ್ತವೆ. ನಮಗೆ ವೈರಿಯಾದವನು ಇನ್ನೊಂದು ಮನೆಯಲ್ಲಿ ಮಗ, ಇನ್ನೊಂದು ನಾಡಿನಲ್ಲಿ ವೀರ. ಇದನ್ನು ಒಂಬತ್ತು ವರ್ಷದ ಮಗು ಬಲು ಸುಲಭವಾಗಿ ಗ್ರಹಿಸುತ್ತದೆ, ಏಕೆಂದರೆ ಆಟದ ಜಗಳದಲ್ಲಿ ಎರಡು ಪಕ್ಷದ ದೂರುಗಳು ಬೇರೆ ಬೇರೆಯಾಗಿರುವುದನ್ನು ಅದು ದಿನವೂ ಕಾಣುತ್ತದೆ. ಇನ್ನೂ ಒಂದು ಪ್ರಶ್ನೆಯನ್ನು ಕೇಳಬಹುದು: ಈ ಕಲ್ಲು ಹೇಳದೆ ಬಿಟ್ಟದ್ದು ಏನು? ಆ ಬೆಟ್ಟದಲ್ಲಿ ದನ ಕಾಯುತ್ತಿದ್ದವರು, ಆ ಭೂಮಿಯನ್ನು ಉಳುತ್ತಿದ್ದವರು, ಅವರ ಹೆಂಡಿರು ಮಕ್ಕಳು, ಇವರ ಮಾತು ಅಲ್ಲಿಲ್ಲ. ಬರೆಯದೆ ಉಳಿದವರೂ ಬದುಕಿದ್ದರೆಂಬ ಅರಿವು ಮಗುವಿಗೆ ಬಂದರೆ ಅದು ದೊಡ್ಡ ಲಾಭ.

ಮಸ್ಕಿಯ ಕಥೆಯೂ ಹೀಗೆಯೇ ಸ್ವಾರಸ್ಯವಾದದ್ದು. ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಂಡುಹಿಡಿದ ಮೇಲೆ ನಾಡಿನ ನಾನಾ ಕಡೆಯ ಬಂಡೆಗಳು ಮಾತನಾಡತೊಡಗಿದವು. ಅವುಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದವು. ಸಿಂಹಳದ ಬೌದ್ಧ ಗ್ರಂಥಗಳ ಆಧಾರದ ಮೇಲೆ ಈತನು ಅಶೋಕನೇ ಇರಬೇಕೆಂದು ಪಂಡಿತರು ನಿರ್ಣಯಿಸಿದ್ದರು. ಆದರೆ ಕಲ್ಲೇ ಆ ಹೆಸರನ್ನು ಹೇಳಿರಲಿಲ್ಲ. ೧೯೧೫ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಒಂದು ಬಂಡೆಯ ಬರಹ ಬಿದ್ದಿತು. ಅವರು ಹುಡುಕುತ್ತಿದ್ದದ್ದು ಚಿನ್ನವನ್ನು. ಆ ಬಂಡೆಯಲ್ಲಿ ಅಶೋಕನೆಂಬ ಹೆಸರು ಸ್ಪಷ್ಟವಾಗಿತ್ತು. ಎಪ್ಪತ್ತೆಂಟು ವರ್ಷಗಳ ಊಹೆಯು ಅಂದು ಖಚಿತವಾಯಿತು. ಮುಂದೆ ಬಳ್ಳಾರಿಯ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಆ ಹೆಸರು ದೊರೆಯಿತು. "ಅಶೋಕನು ಮೌರ್ಯ ವಂಶದ ಪ್ರಸಿದ್ಧ ಚಕ್ರವರ್ತಿ" ಎಂಬ ವಾಕ್ಯವನ್ನು ಇಪ್ಪತ್ತು ಸಲ ಬರೆಸುವುದಕ್ಕಿಂತ ಈ ಹುಡುಕಾಟವನ್ನು ಒಂದು ಸಲ ಹೇಳುವುದು ಮೇಲು. ಪಂಡಿತರೂ ಮೊದಲು ಊಹಿಸುತ್ತಾರೆ, ಬಳಿಕ ಆಧಾರಕ್ಕಾಗಿ ಕಾಯುತ್ತಾರೆ ಎಂಬ ಪಾಠವೂ ಇದರೊಳಗಿದೆ.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ನಮ್ಮ ಮನೆಗಳಲ್ಲಿ ಇದು ಸೂಕ್ಷ್ಮವಾದ ವಿಷಯ. ಪವಾಡವನ್ನು ಕೇಳಿದ ಮಗು "ನಿಜವೇ?" ಎಂದರೆ ಹಿರಿಯರಿಗೆ ಭಕ್ತಿಯೇ ಅಲುಗಾಡಿದಂತೆ ತೋರುತ್ತದೆ. "ಹಾಗೆಲ್ಲ ಕೇಳಬಾರದು" ಎಂದು ಬಾಯಿ ಮುಚ್ಚಿಸಿದರೆ ಮಗು ಅಂದಿಗೆ ಸುಮ್ಮನಾಗುತ್ತದೆ. ಹದಿನೆಂಟು ವರ್ಷಕ್ಕೆ ಕಾಲೇಜಿಗೆ ಹೋದಾಗ, ಮನೆಯಲ್ಲಿ ಹೇಳಿದ್ದೆಲ್ಲ ಸುಳ್ಳೆಂದು ಒಂದೇ ಏಟಿಗೆ ತಳ್ಳಿಬಿಡುತ್ತದೆ. ಪುರಾಣದೊಡನೆ ಇತಿಹಾಸವನ್ನೂ, ಇತಿಹಾಸದೊಡನೆ ಹಿರಿಯರ ಮಾತಿನ ಮೇಲಿನ ವಿಶ್ವಾಸವನ್ನೂ ಕಳೆದುಕೊಳ್ಳುತ್ತದೆ. ಇಂಥ ತರುಣರನ್ನು ನಾವು ಬಹಳ ಮಂದಿಯನ್ನು ಕಂಡಿದ್ದೇವೆ. ಅವರಲ್ಲಿ ಕೆಟ್ಟವರು ಯಾರೂ ಇಲ್ಲ. ಬಾಲ್ಯದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಗದೆ ಉಳಿದವರು ಅವರು.

ಬಸವಣ್ಣನವರ ಚರಿತ್ರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮಗೆ ಅದು ತಿಳಿದಿರುವುದು ಹಲವು ದಾರಿಗಳಿಂದ. ಅವರ ವಚನಗಳಿವೆ. ಅವರ ತರುವಾಯ ಹರಿಹರನು ಬರೆದ ಬಸವರಾಜದೇವರ ರಗಳೆಯಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಬಸವಪುರಾಣವಿದೆ, ೧೩೬೯ರಲ್ಲಿ ಭೀಮಕವಿಯು ಕನ್ನಡದಲ್ಲಿ ಬರೆದ ಬಸವಪುರಾಣವಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ೧೨೬೦ರ ಶಾಸನವೊಂದಿದೆ. ಬಸವಣ್ಣನವರ ಹೆಸರೂ ಅವರ ಮನೆತನದ ಉಲ್ಲೇಖವೂ ಅದರಲ್ಲಿ ಬರುತ್ತವೆ. ಶರಣರು ಲಿಂಗೈಕ್ಯರಾಗಿ ನೂರು ವರ್ಷ ತುಂಬುವುದರೊಳಗೆ ಕಲ್ಲಿನಲ್ಲಿ ಬಿದ್ದ ಮಾತದು. ಪುರಾಣದ ಪವಾಡಗಳ ಬೆಲೆ ಬೇರೆ, ಶಾಸನದ ಸಾಲಿನ ಬೆಲೆ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸಲ್ಲದು.

ಮಗುವಿಗೆ ಹೇಳುವಾಗ ಮೂರು ಬಗೆಯ ಮಾತನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿರೆಂದು ನಾವು ಸೂಚಿಸುತ್ತೇವೆ. ಕಂಡವರು ಬರೆದದ್ದು ಒಂದು, ಕೇಳಿದವರು ಬರೆದದ್ದು ಇನ್ನೊಂದು, ಭಕ್ತಿಯಿಂದ ಹಾಡಿದ್ದು ಮತ್ತೊಂದು. "ಇದು ನಿಜವೇ ಅಜ್ಜಿ?" ಎಂದು ಕೇಳಿದ ಮೊಮ್ಮಗನಿಗೆ ಅಜ್ಜಿಯು, "ಮಗಾ, ಇದನ್ನು ಭಕ್ತರು ಪ್ರೀತಿಯಿಂದ ಹಾಡಿಕೊಂಡು ಬಂದಿದ್ದಾರೆ. ನನ್ನ ಅಜ್ಜಿ ನನಗೆ ಹೇಳಿದಳು, ನಾನು ನಿನಗೆ ಹೇಳುತ್ತಿದ್ದೇನೆ. ಕಲ್ಲಿನಲ್ಲಿ ಏನು ಬರೆದಿದೆಯೋ ಅದನ್ನು ನಿಮ್ಮ ಗುರುಗಳನ್ನು ಕೇಳೋಣ" ಎಂದರೆ ಸಾಕು. ಅದರಲ್ಲಿ ಸುಳ್ಳಿಲ್ಲ, ಭಕ್ತಿಗೆ ಕುಂದೂ ಇಲ್ಲ. ಪುರಾಣವು ಸುಳ್ಳಿನ ಗಂಟಲ್ಲ. ಒಬ್ಬ ಮಹಾತ್ಮರನ್ನು ಜನರು ಎಷ್ಟು ಪ್ರೀತಿಸಿದರು, ಅವರಲ್ಲಿ ಏನನ್ನು ಕಂಡರು ಎಂಬುದಕ್ಕೆ ಅದೇ ಸಾಕ್ಷಿ. ಹಾಡನ್ನು ಹಾಡೆಂದೂ ಕಲ್ಲನ್ನು ಕಲ್ಲೆಂದೂ ಹೇಳುವ ಪ್ರಾಮಾಣಿಕತೆಯೊಂದು ನಮ್ಮಲ್ಲಿರಬೇಕು.

ಹೀಗೆ ಶೋಧಿಸಿ ನೋಡುವುದು ನಮ್ಮ ಪರಂಪರೆಗೆ ಹೊರಗಿನದೆಂದು ಯಾರೂ ತಿಳಿಯಬೇಕಾಗಿಲ್ಲ. ಮಠದ ಪಾಠಶಾಲೆಯಲ್ಲಿ ನಾವು ಕಲಿಯುತ್ತಿದ್ದಾಗ ಗುರುಗಳು ಒಂದೇ ಗ್ರಂಥದ ಎರಡು ಓಲೆಗರಿಯ ಕಟ್ಟುಗಳನ್ನು ಇಬ್ಬರು ವಿದ್ಯಾರ್ಥಿಗಳ ಮುಂದಿಡುತ್ತಿದ್ದರು. ಒಬ್ಬನು ಓದಬೇಕು, ಇನ್ನೊಬ್ಬನು ತನ್ನ ಕಟ್ಟಿನಲ್ಲಿ ನೋಡಿಕೊಳ್ಳುತ್ತ ಹೋಗಬೇಕು. ಎಲ್ಲಿ ಪಾಠಭೇದ ಬಂದಿತೋ ಅಲ್ಲಿ ನಿಲ್ಲಬೇಕು. ಯಾವುದು ಹಳೆಯದು, ಯಾವುದು ಲಿಪಿಕಾರನ ಕೈತಪ್ಪು ಎಂದು ಚರ್ಚೆಯಾಗುತ್ತಿತ್ತು. ಗ್ರಂಥಕ್ಕೆ ಕೈಮುಗಿದೇ ಕಟ್ಟು ಬಿಚ್ಚುತ್ತಿದ್ದೆವು, ಬಿಚ್ಚಿದ ಮೇಲೆ ಒಂದಕ್ಷರವನ್ನೂ ಪರೀಕ್ಷಿಸದೆ ಬಿಡುತ್ತಿರಲಿಲ್ಲ. ವಚನ ಪಿತಾಮಹರೆನಿಸಿದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮನೆ ಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಯಾರೂ ಬಿಚ್ಚಿ ಓದದೆ ಇದ್ದ ಕಟ್ಟುಗಳನ್ನು ಅವರಂಥವರು ಬಿಚ್ಚಿದ್ದರಿಂದಲೇ ಇಂದು ಶರಣರ ಮಾತು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿದೆ.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾದರೂ ಹೇಳಬೇಕು. ನಮ್ಮವರು ಎಂಬ ಅಭಿಮಾನದಿಂದ ಮಕ್ಕಳಿಗೆ ಇತಿಹಾಸವನ್ನು ಹೇಳುವಾಗ ಇತರರನ್ನು ಕಥೆಯಿಂದ ಹೊರಗಿಡುವ ಅಭ್ಯಾಸವು ಎಲ್ಲ ಸಮಾಜಗಳಲ್ಲಿಯೂ ಬೆಳೆಯುತ್ತಿದೆ. ಕಿತ್ತೂರಿನ ರಾಣಿ ಚೆನ್ನಮ್ಮನ ಹೆಸರನ್ನು ಕೇಳಿದರೆ ನಮ್ಮೆಲ್ಲರ ಮೈ ನವಿರೇಳುತ್ತದೆ. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಮುಂದೆ ಥ್ಯಾಕರೆ ಮಡಿದನು. ಅವನನ್ನು ಗುಂಡಿಟ್ಟು ಕೆಡವಿದವನು ಅಮಟೂರು ಬಾಳಪ್ಪ. ರಾಣಿಯು ಸೆರೆಯಾದ ಮೇಲೂ ಹೋರಾಟವನ್ನು ಮುಂದುವರಿಸಿ ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು ಕುರುಬ ಸಮಾಜದ ಸಂಗೊಳ್ಳಿ ರಾಯಣ್ಣ. ಸೆರೆ ಸಿಕ್ಕ ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳನ್ನು ಕಿತ್ತೂರಿನವರು ಕೊಲ್ಲಲಿಲ್ಲ, ಗೌರವದಿಂದ ನಡೆಸಿಕೊಂಡು ಬಳಿಕ ಬಿಟ್ಟುಕಳುಹಿಸಿದರು. ಇಷ್ಟನ್ನೂ ಕೂಡಿಸಿ ಹೇಳಿದರೆ ಅದು ಕಿತ್ತೂರಿನ ಇತಿಹಾಸ. ಒಂದು ಮನೆತನದ, ಒಂದು ಸಮಾಜದ ಹೆಸರನ್ನು ಮಾತ್ರ ಉಳಿಸಿ ಹೇಳಿದರೆ ಅದು ಮೆರವಣಿಗೆಯ ಘೋಷಣೆಯಾದೀತು, ಪಾಠವಾಗದು. ಮಗುವಿನ ಪಕ್ಕದ ಮಣೆಯ ಮೇಲೆ ಬೇರೆ ಮನೆಯ ಮಗುವೂ ಕುಳಿತಿದೆ ಎಂಬುದನ್ನು ಹೇಳುವವರು ಮರೆಯಬಾರದು. ಹತ್ತು ವರ್ಷದೊಳಗೆ ಎದೆಯಲ್ಲಿ ಬಿದ್ದ ದ್ವೇಷವನ್ನು ಮುಂದೆ ಯಾವ ಪ್ರವಚನದಿಂದಲೂ ಕೀಳಲಾಗುವುದಿಲ್ಲ.

೨೦೨೨ರಲ್ಲಿ ನಮ್ಮ ರಾಜ್ಯದಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆಯ ವಿಷಯವಾಗಿ ದೊಡ್ಡ ವಿವಾದ ನಡೆದುದು ಓದುಗರಿಗೆ ನೆನಪಿರಬಹುದು. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಬಸವಣ್ಣನವರ ಕುರಿತು ಬಂದ ಮಾತುಗಳಿಗೆ ಅನೇಕ ಮಠಾಧೀಶರು ಆಕ್ಷೇಪವೆತ್ತಿದರು. ಪುಸ್ತಕದಲ್ಲಿ ಏನಿರಬೇಕೆಂದು ವಿಚಾರಿಸುವುದು ಅಗತ್ಯವೇ. ಆದರೆ ಪುಸ್ತಕವು ಎಷ್ಟು ಸರಿಯಾಗಿದ್ದರೂ ಅದನ್ನು ಬಾಯಿಪಾಠ ಮಾಡಿಸುವುದೇ ಕ್ರಮವಾದರೆ, ನಾಳೆ ಇನ್ನೊಬ್ಬರು ಬೇರೆ ಮಾತನ್ನು ಅಚ್ಚುಹಾಕಿಸಿದಾಗ ಅದನ್ನೂ ಮಕ್ಕಳು ಹಾಗೆಯೇ ಬಾಯಿಪಾಠ ಮಾಡುತ್ತಾರೆ. "ಇದಕ್ಕೆ ಆಧಾರವೇನು?" ಎಂದು ಕೇಳಲು ಬಲ್ಲ ಮಗುವಿಗೆ ಯಾವ ಕಾಲದ ಯಾವ ಪುಸ್ತಕವೂ ಸುಲಭವಾಗಿ ಮೋಸ ಮಾಡಲಾರದು. ನಮ್ಮ ರಕ್ಷಣೆಯಿರುವುದು ಅಲ್ಲಿ.

ಶಿಕ್ಷಕ ಬಂಧುಗಳಿಗೆ ಕೆಲವು ಸೂಚನೆಗಳನ್ನು ನೀಡುತ್ತೇವೆ. ಇವಕ್ಕೆ ಹಣ ಬೇಡ, ಮೇಲಿನವರ ಆದೇಶವೂ ಬೇಡ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಊರು ಸುತ್ತಿರಿ. ಕರ್ನಾಟಕದಲ್ಲಿ ವೀರಗಲ್ಲಿಲ್ಲದ ಸೀಮೆ ಅಪರೂಪ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅವನು ಊರಿನ ದನ ಕಾಯಲು ಹೋರಾಡಿ ಸತ್ತವನೆಂದು ಮಕ್ಕಳೇ ಊಹಿಸಿ ಹೇಳುತ್ತಾರೆ. ಕೆರೆಯ ತೂಬು, ಹಾಳು ಅಗಸೆ, ಹಗೇವು, ಹಳೆಯ ಬಾವಿ ಇವೆಲ್ಲ ಪಾಠಗಳೇ. ಬಿ. ಎಲ್. ರೈಸ್ ಅವರು ೧೮೮೬ರಿಂದ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಉತ್ತರದ ಜಿಲ್ಲೆಗಳ ಶಾಸನಗಳು ಬೇರೆ ಸಂಪುಟಗಳಲ್ಲಿ ಪ್ರಕಟವಾಗಿವೆ. ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ದಿನ ಕುಳಿತರೆ ನಿಮ್ಮ ಊರಿನ ಹೆಸರು, ಇಲ್ಲವೆ ನೆರೆಯೂರಿನ ಹೆಸರು ಸಿಕ್ಕೀತು. ತನ್ನ ಊರಿನ ಹೆಸರು ಎಂಟುನೂರು ವರ್ಷಗಳ ಹಿಂದೆ ಹೇಗಿತ್ತೆಂದು ಕರಿಹಲಗೆಯ ಮೇಲೆ ಕಂಡ ಮಗುವಿಗೆ ಆಗುವ ಸಂತೋಷವನ್ನು ನೋಡಿಯೇ ತಿಳಿಯಬೇಕು.

ಪರೀಕ್ಷೆಯಲ್ಲಿಯೂ ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿರಿ. ಹತ್ತು ಪ್ರಶ್ನೆಗಳಲ್ಲಿ ಎಂಟು ಹೇಗಾದರೂ ಇರಲಿ. ಒಂದು ಪ್ರಶ್ನೆ, "ಇದು ನಮಗೆ ಹೇಗೆ ತಿಳಿಯಿತು?" ಎಂದಿರಲಿ. ಇನ್ನೊಂದು, "ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿದ ಒಂದು ಸಂಗತಿಯನ್ನು ಬರೆಯಿರಿ" ಎಂದಿರಲಿ. ಮನೆಯವರು ಮಾಡಬೇಕಾದದ್ದೂ ಹೆಚ್ಚಿಲ್ಲ. ವಾರಕ್ಕೊಂದು ಸಂಜೆ ಟಿ.ವಿ.ಯನ್ನೂ ಮೊಬೈಲನ್ನೂ ದೂರವಿಟ್ಟು ಅಜ್ಜ-ಅಜ್ಜಿಯರ ಬಳಿ ಮಕ್ಕಳು ಕೂಡುವಂತೆ ನೋಡಿಕೊಳ್ಳಿರಿ. ಹಿರಿಯರು ಹೇಳಿದ್ದನ್ನು ಮಗು ಒಂದು ನೋಟುಪುಸ್ತಕದಲ್ಲಿ ತನ್ನ ಅಕ್ಷರದಲ್ಲಿಯೇ ಬರೆದಿಡಲಿ. ಹೇಳಿದವರು ಯಾರು, ಹೇಳಿದ ದಿನ ಯಾವುದು ಎಂಬುದನ್ನು ಮೇಲೆ ಬರೆಯಲು ಕಲಿಸಿರಿ. ಆ ಎರಡು ಸಾಲುಗಳಿಂದಲೇ ಅದು ದಾಖಲೆಯಾಗುತ್ತದೆ. ಎಂಬತ್ತು ದಾಟಿದ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಮುಂದಿನ ಬೇಸಿಗೆ ರಜೆಗೆಂದು ಮುಂದೂಡಬೇಡಿರಿ.

ಊರಿನ ಹಿರಿಯರಲ್ಲಿಯೂ ದೇವಸ್ಥಾನ, ಮಠಗಳ ಕಾರ್ಯಕರ್ತರಲ್ಲಿಯೂ ನಮ್ಮದೊಂದು ಪ್ರಾರ್ಥನೆಯಿದೆ. ಜೀರ್ಣೋದ್ಧಾರದ ಭರದಲ್ಲಿ ಶಾಸನಗಳ ಮೇಲೆ ಸುಣ್ಣ ಬಳಿಯುವುದು, ವೀರಗಲ್ಲುಗಳನ್ನು ಮೆಟ್ಟಿಲಿಗೆ ಹಾಸುವುದು, ಅಕ್ಷರಗಳ ಮೇಲೆ ಎಣ್ಣೆ ಸುರಿದು ಮುಚ್ಚಿಬಿಡುವುದು ಇಂದಿಗೂ ನಡೆಯುತ್ತಿದೆ. ಕಲ್ಲು ಹೋದರೆ ಮ್ಯೂಸಿಯಮ್ಮಿಗೆ ನಷ್ಟವೆಂದು ತಿಳಿಯಬೇಡಿರಿ. ನಿಮ್ಮ ಮೊಮ್ಮಗನು ನಾಳೆ "ಹೇಗೆ ಗೊತ್ತು?" ಎಂದು ಕೇಳಿದಾಗ ಕೈ ಮಾಡಿ ತೋರಿಸಬೇಕಾದ ಉತ್ತರವೇ ಮಣ್ಣುಪಾಲಾಗುತ್ತದೆ.

ಆ ತಾಯಿಗೆ ನಾವು ಹೇಳುವುದಿಷ್ಟು. ನಿಮ್ಮ ಮಗ ದಾರಿ ತಪ್ಪಿಲ್ಲ, ಸರಿಯಾದ ಬಾಗಿಲನ್ನೇ ತಟ್ಟಿದ್ದಾನೆ. ಅಜ್ಜಿಯ ಮನಸ್ಸನ್ನೂ ನೋಯಿಸಬೇಡಿರಿ, ಆಕೆಯ ಬಾಯಲ್ಲಿರುವ ಕಥೆಗಳು ಕಳೆದುಹೋದರೆ ಮತ್ತೆ ಬಾರವು. ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿರಿ. ಅಜ್ಜಿ ಹೇಳಲಿ, ಹುಡುಗ ಕೇಳಲಿ, ತಂಗಿಯೂ ಪಕ್ಕದಲ್ಲಿರಲಿ. ಗೊತ್ತಿಲ್ಲದ ಕಡೆ "ನನಗೆ ಗೊತ್ತಿಲ್ಲ, ಕೇಳಿ ತಿಳಿಯೋಣ" ಎನ್ನಲು ದೊಡ್ಡವರು ನಾಚಬಾರದು. ಹಿರಿಯರ ಬಾಯಿಂದ ಆ ಮಾತನ್ನು ಕೇಳಿದ ಮಕ್ಕಳು ಹಿರಿಯರನ್ನು ಹೆಚ್ಚು ನಂಬುತ್ತಾರೆ.

ನಾಡಿನ ಎಲ್ಲ ಮನೆಗಳ ಮಕ್ಕಳು ಸತ್ಯವನ್ನು ಪ್ರೀತಿಸಿ, ಹಿರಿಯರನ್ನು ಗೌರವಿಸಿ ಬೆಳೆಯಲೆಂದು ಹಾರೈಸುತ್ತ ಈ ತಿಂಗಳ ಮಾತನ್ನು ಮುಗಿಸುತ್ತೇವೆ.